ಎರಡನೇ ಗುಂಡಿನ ಆರ್ಲಿಸ್

ಮೂಡಣ ಆಗಷ್ಟೇ ಬಿಳುಪೇರುತ್ತಿದೆ. ಆರ್ಲಿಸ್ ಟ್ವೆಟನ್ ಊರಾಚೆಯ ಜಲ್ಲಿಗುಂಡಿಯಲ್ಲಿ ಹಿಮದ ಮೇಲೆ ಹಳೆಯ ಚಾದರ ಹಾಸಿ, ಮೂಲೆಗಳಿಗೆ ಕಲ್ಲು ಹೇರುತ್ತಾಳೆ. ಬಂದೂಕಿನಿಂದ ಸಿಡಿದು ಬೀಳುವ ಖಾಲಿ ತೋಟಾಗಳು ಕಳೆದುಹೋಗಬಾರದು. ಅವು ಬಿದ್ದ ಜಾಗ ನೋಡಿದರೆ ಸಾಕು, ಬಂದೂಕಿನ ಹೊಟ್ಟೆಯೊಳಗಿನ ಸಂಕಟ ಅವಳಿಗೆ ತಿಳಿದುಬಿಡುತ್ತದೆ. ಬಂದೂಕೂ ತೋಟಾಗಳೂ ರಾತ್ರಿಯಿಡೀ ಹೊರಗೆ ಜಗಲಿಯ ಮೇಲೆ ಚಳಿ ಕುಡಿದಿವೆ.

"ಒಲೆ ಹತ್ರ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೆ ಮಾರಾಯ್ತಿ? ಮುಟ್ಟಿದ್ರೆ ಚರ್ಮಾನೇ ಕಿತ್ಕೊಂಡು ಬರುತ್ತೆ," ಎಂದು ಗೊಣಗುತ್ತಾನೆ ಬಂದೂಕಿನ ಒಡೆಯ ಓರಿನ್ ಸ್ಟಕಿ.

"ನಿನ್ನ ಕುರಿಮರಿ ಎತ್ತೋ ಕಯೋಟಿಗಳು ಒಲೆ ಹತ್ರ ಬರ್ತವೇನೋ? ಸುಮ್ನೆ ಕಿವಿ ಮುಚ್ಕೊ."

ಅಮೆರಿಕದ ಮೊಂಟಾನಾದ ಈ ಬಯಲಿನಲ್ಲಿ ಕುರಿಗಳು ಈಯುವ ಕಾಲ. ಮೊನ್ನೆ ನಸುಕಿನಲ್ಲಿ ಕಯೋಟಿ ನರಿಗಳು ಓರಿನ್‌ನ ಬೇಲಿ ನುಸುಳಿದವು. ಅವನ ಮೊದಲ ಗುಂಡು ಗುರಿ ತಪ್ಪಿತು. ಎರಡನೆಯದು ಬರಲೇ ಇಲ್ಲ. ಖಾಲಿ ತೋಟಾ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಅವನ ಕಣ್ಣೆದುರೇ ಮೂರು ಮರಿಗಳು ಹೋದವು. ಹುಲ್ಲಿನ ಪೆಂಡಿ ಕಟ್ಟುವ ಯಂತ್ರ ಎಂದೋ ಅವನ ಬಲಗೈಯ ಎರಡು ಬೆರಳು ನುಂಗಿದೆ. ಪ್ರತಿ ಗುಂಡಿಗೂ ಕೈಯಲ್ಲಿ ಎಳೆದು ತುಂಬುವ ಬಂದೂಕು ಅವನಿಂದಾಗದು. ಆದ್ದರಿಂದಲೇ ಚಳಿಗಾಲವಿಡೀ ಕೂತು, ಬಿಡಿಭಾಗ ಆರಿಸಿ ತರಿಸಿ, ತಾನೇ ತುಂಬಿಕೊಳ್ಳುವ ಈ ಬಂದೂಕನ್ನು ಜೋಡಿಸಿದ್ದ. ಇಂದು ಬೆಳಗ್ಗೆ ಇದು ಸರಿಹೋಗದಿದ್ದರೆ ಮಂದೆಯನ್ನು ಬರಿಗೈಯಲ್ಲಿ ಕಾಯಬೇಕು.

ಕೆಲಸದ ಗುಟ್ಟೆಲ್ಲ ಒಂದು ಸಣ್ಣ ತೂತಿನಲ್ಲಿದೆ. ಗುಂಡು ನಳಿಗೆ ದಾಟುವಾಗ ಸಿಡಿಮದ್ದಿನ ಗ್ಯಾಸು ಒಂದಿಷ್ಟು ಆ ತೂತಿನಿಂದ ಹಿಂದಕ್ಕೆ ನುಗ್ಗಿ ತೋಟಾ ಎಳೆದು ತುಂಬುವ ಬೋಲ್ಟನ್ನು ತಳ್ಳುತ್ತದೆ. ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಗ್ಯಾಸು ಹೆಚ್ಚಾದರೆ ಬಂದೂಕು ಒದ್ದಾಡಿ ಬೇಗ ಸವೆಯುತ್ತದೆ, ಕಡಿಮೆಯಾದರೆ ನಡುದಾರಿಯಲ್ಲೇ ಕೂರುತ್ತದೆ. ಚಳಿಗೆ ಗ್ಯಾಸಿನ ಬಲವೂ ಕುಗ್ಗುತ್ತದೆ. ಅಳತೆ ಹಿಡಿಯುವುದು ಎಳ್ಳಿನಷ್ಟು ಚಿಕ್ಕ ಒಂದು ಸ್ಕ್ರೂ.

ಆ ಸ್ಕ್ರೂ ತಿರುಗಿಸಿ ಕೆಡಿಸಿದವನು ಓರಿನ್‌ನೇ. ಧಾನ್ಯದ ಕಣಜದ ಬಳಿ ಕಾಫಿಗೆ ಸೇರುವ ಗಂಡಸರಿಗೆ ಒಂದೇ ಪಂದ್ಯ: ಯಾರ ಬಂದೂಕು ಭುಜಕ್ಕೆ ಮೆತ್ತಗೆ ಒದೆಯುತ್ತದೆ? ಬಿಸಿಲೇರಿದ ಒಂದು ಮಧ್ಯಾಹ್ನ ಗ್ಯಾಸಿನ ಸ್ಕ್ರೂ ಬಿಗಿದು ಬಿಗಿದು, ಬೆಣ್ಣೆಯಂತಾಯಿತೆಂದು ಮೀಸೆ ತಿರುವಿದ್ದ.

"ಮಧ್ಯಾಹ್ನದ ಬೆಣ್ಣೆ ಬೆಳಗಿನ ಜಾವಕ್ಕೆ ಕಲ್ಲಾಗುತ್ತೆ ಅಂತ ಯಾವ ಹೆಂಗಸನ್ನ ಕೇಳಿದ್ರೂ ಹೇಳ್ತಿದ್ಲು," ಎನ್ನುತ್ತಾಳೆ ಆರ್ಲಿಸ್.

ಆಕೆಗೆ ಅರವತ್ತನಾಲ್ಕು. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕದಲ್ಲಿ ಎಂಜಿನ್ನಿನ ಉಸಿರು ಆಲಿಸಿ ಬೆಳೆದವಳು. ಗಂಡ ತೀರಿಕೊಂಡು ಹಸುಗಳನ್ನು ಮಾರಿದ ಮೇಲೆ ಹಾಲು ಕರೆಯುವ ಕೋಣೆಯೇ ಬಂದೂಕು ರಿಪೇರಿಯ ಅಂಗಡಿಯಾಯಿತು. ಮೊದಮೊದಲು ಬಂದವರು, "ನಿಮ್ಮನೆಯವ್ರು ಇಲ್ವಾ?" ಎಂದು ಕೇಳಿ ಹಿಂದಿರುಗುತ್ತಿದ್ದರು. ಈಗ ವಾರಕ್ಕೆ ನಾಲ್ಕೈದು ಬಂದೂಕು ತಪ್ಪದೆ ಬರುತ್ತವೆ. ಬೇಸಿಗೆಯಲ್ಲಿ ಚಳಿ ಎಲ್ಲಿಂದ ತರುವುದು? ಖಾಲಿ ಮಾಡಿದ ಬಂದೂಕು ಫ್ರೀಜರಿನಲ್ಲಿ ಎಲ್ಕ್ ಜಿಂಕೆಯ ಮಾಂಸದ ಪಕ್ಕ ಮಲಗುತ್ತದೆ.

ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಆಕೆ ಒಂದೇ ತೋಟಾ ತುಂಬಿ ಹೊಡೆಯುತ್ತಾಳೆ. ತೋಟಾ ಮುಗಿದಾಗ ಬೋಲ್ಟು ಹಿಂದೆಯೇ ನಿಂತರೆ ಗ್ಯಾಸು ಸಾಕೆಂದು ಅರ್ಥ. ನಿಲ್ಲುವುದಿಲ್ಲ. ಖಾಲಿ ತೋಟಾ ಚಾದರದ ಹಿಂಬದಿಯ ಅಂಚಿಗೆ ಸೋತು ಬೀಳುತ್ತದೆ. ಸ್ಕ್ರೂ ಕ್ಲಿಕ್ ಎಂದು ಒಂದು ಹಲ್ಲು ಸಡಿಲ. ಮತ್ತೆ ಹೊಡೆತ. ಇಲ್ಲ. ಇನ್ನೊಂದು ಹಲ್ಲು. ಠಣ್! ಬೋಲ್ಟು ಹಿಂದೆ ನಿಲ್ಲುತ್ತದೆ.

"ಆಯ್ತಲ್ಲ! ಕೊಡು, ಹೊರಡ್ತೀನಿ."

"ನನ್ನ ಭುಜಕ್ಕಾಯ್ತು. ನೀನು ಮೊನ್ನೆ ಹೇಗೆ ಕೂತಿದ್ದೆ?"

ಓರಿನ್ ಮುಖ ಬಾಡಿಸಿಕೊಂಡು ತನ್ನ ಪಿಕಪ್ ಗಾಡಿಯ ಕಿಟಕಿಗೆ ಮೊಣಕೈ ಊರಿ, ದಪ್ಪ ಕೋಟಿನ ಮೇಲೆ ಬಂದೂಕನ್ನು ಸಡಿಲವಾಗಿ ಆನಿಸಿ ಕೂರುತ್ತಾನೆ. ಒಂದು ಗುಂಡು ಹಾರುತ್ತದೆ. ಎರಡನೆಯದಕ್ಕೆ ಟ್ರಿಗರ್ ಒತ್ತಿದರೆ, ನಿಶ್ಶಬ್ದ. ಅವನು ಬಂದೂಕನ್ನು ಕೆಳಗಿಳಿಸುತ್ತಾನೆ.

"ಮುಗೀತು ಕಣೆ. ಇದು ನನ್ನ ಕೈಗೆ ಆಗಿಬರಲ್ಲ."

ಆರ್ಲಿಸ್‌ಳ ಕಣ್ಣು ಮಾತ್ರ ಮಿಂಚುತ್ತದೆ. "ಸಿಕ್ತು ನೋಡು! ಗಟ್ಟಿಯಾಗಿ ಹಿಡಿದ್ರೆ ಓಡುತ್ತೆ, ಮೆತ್ತನೆ ಕೋಟಿಗೆ ಒರಗಿದ್ರೆ ಅದರ ತಳ್ಳೋ ಶಕ್ತಿ ಕೋಟಿಗೇ ಹೋಗುತ್ತೆ. ನಿನ್ನ ಸೋಮಾರಿತನಕ್ಕೂ ಸೇರಿಸಿ ಅಳತೆ ಹಾಕ್ಬೇಕು." ಸಿಕ್ಕಿದ್ದ ತೋಟಾ ಬಿಡಿಸಿ, ಬಂದೂಕು ಖಾಲಿಯೆಂದು ಎರಡು ಸಲ ನೋಡಿ, ಸ್ಕ್ರೂ ಇನ್ನೊಂದು ಹಲ್ಲು ಸಡಿಲಿಸುತ್ತಾಳೆ. "ಸ್ವಲ್ಪ ಒದೆಯುತ್ತೆ. ಕಾಫಿ ಕಟ್ಟೇಲಿ ಸೋಲ್ತೀಯ, ಪರವಾಗಿಲ್ವಾ?"

"ಹಾಳಾಗ್ಲಿ ಕಾಫಿ ಕಟ್ಟೆ!"

ಬಂದೂಕಿನ ಮ್ಯಾಗಜಿನ್‌ಗೆ ತೋಟಾ ತುಂಬಿ ಕೊಡುತ್ತಾಳೆ. ಒಂದು, ಎರಡು, ಮೂರು. ಖಾಲಿ ತೋಟಾಗಳು ಎಳೆಬಿಸಿಲಿನಲ್ಲಿ ಮಿಣಮಿಣ ಕುಣಿದು ಚಾದರದ ನಡುವೆ ಒಂದರ ಬೆನ್ನಿಗೊಂದು ಬೀಳುತ್ತವೆ, ಕೋಳಿ ಒಂದೇ ಗೂಡಿನಲ್ಲಿ ಮೊಟ್ಟೆಯಿಟ್ಟ ಹಾಗೆ. ಕೊನೆಯ ಗುಂಡೂ ಹಾರಿ ಬೋಲ್ಟು ಹಿಂದೆ ನಿಂತಾಗ ಓರಿನ್ ಕೇಕೆ ಹಾಕುತ್ತಾನೆ. ಇನ್ನೊಮ್ಮೆ ತುಂಬು ಎನ್ನುತ್ತಾಳೆ. ಮತ್ತೆ ಅದೇ ಓಟ. ಈಗ ಕೇಕೆ ಇಬ್ಬರದೂ. ಆಕೆ ಹಿಮದಲ್ಲಿ ಬೂಟು ಬಡಿದು ಕುಣಿಯುತ್ತಾಳೆ.

"ಇವತ್ತಿಂದ ಎಲ್ಲರಿಗೂ ನಿನ್ನ ಹೆಸರು ಹೇಳ್ತೀನಿ ಆರ್ಲಿಸ್! ಬೇಲಿ ಹತ್ರ ಕೂತಾಗೆಲ್ಲ ನಿನ್ನನ್ನೇ ನೆನೀತೀನಿ!"

"ಬೇಡಪ್ಪ," ಎಂದು ಆಕೆ ಬಾಗಿ ತೋಟಾ ಆರಿಸತೊಡಗುತ್ತಾಳೆ. "ನೀನು ಬೇಲಿ ಹತ್ರ ನನ್ನ ನೆನೆದೆ ಅಂದ್ರೆ ಎಲ್ಲೋ ಏನೋ ಸಿಕ್ಕಾಕೊಂಡಿದೆ ಅಂತ್ಲೇ ಅರ್ಥ."