ನಾನು ಮರೆಮಾಡಿದ ಕೆಂಪು

ಮೌನೇಶಣ್ಣ, ಆ ಹಿಡಿಕೆ ಮುರಿದದ್ದು ನಿಮ್ಮ ಬೆಸುಗೆಯಿಂದಲ್ಲ. ನಾನು ಕೊಟ್ಟ ಆಕಾರದಿಂದ. ಅದು ನನಗೆ ಮೊದಲೇ ಗೊತ್ತಿತ್ತು — ಇಲ್ಲ, ಗೊತ್ತಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ಗೊತ್ತುಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಆಮೇಲೆ ತಪ್ಪನ್ನು ನಿಮ್ಮ ಕೈಗೆ ಹಚ್ಚಿದೆ.

ಆರು ವರ್ಷವಾಯಿತು. ರಾಯದುರ್ಗದ ನಿಮ್ಮ ವೆಲ್ಡಿಂಗ್ ಶೆಡ್ಡಿನ ಎದುರಿನ ಈ ಕೋಣೆಯಲ್ಲಿ ನಾನು ಯಂತ್ರಗಳ ನಕ್ಷೆ ಮಾಡುತ್ತಿದ್ದೆ. ನೀವು ಅದನ್ನು ಕಬ್ಬಿಣದಲ್ಲಿ ಮಾಡುತ್ತಿದ್ದಿರಿ. ಶೇಂಗಾ ಸಿಪ್ಪೆ ಬಿಡಿಸುವ ಕೈಯಂತ್ರ — ಉದ್ದದ ಹಿಡಿಕೆಯನ್ನು ಹಿಂದಕ್ಕೆ ಮುಂದಕ್ಕೆ ತೂಗಿದರೆ ಕೆಳಗಿನ ಜರಡಿಯ ಮೇಲೆ ಕಾಯಿ ಒಡೆಯುತ್ತದೆ. ಮಡಕಶಿರದ ಕಡೆ ದಿನವಿಡೀ ಅದನ್ನು ತೂಗುವ ಹೆಂಗಸರಿಗೆ ಹಿಡಿಕೆ ಭಾರವಾಗಿತ್ತು. ಅಲ್ಲೇ ಗುಡಿಬಂಡೆ ಹತ್ತಿರದ ಲಕ್ಷ್ಮಕ್ಕ ನನ್ನನ್ನೇ ಕೇಳಿದ್ದರು: "ಇದೇನಮ್ಮ, ಕಡ್ಲೆಕಾಯಿ ಬಿಡ್ಸಾಕೋ, ನಮ್ಮ ರಟ್ಟೆ ಬಿಡ್ಸಾಕೋ?"

ಅವರಿಗಾಗಿಯೇ ಹಗುರ ಮಾಡಲು ಹೊರಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಕಲಿತ ವಿಧಾನವನ್ನು ಎಲ್ಲಾದರೂ ಬಳಸಿ ನೋಡುವ ಚಪಲವೂ ಇತ್ತು.

ಕಂಪ್ಯೂಟರಿನಲ್ಲಿ ಹಿಡಿಕೆಯ ಚಿತ್ರಕ್ಕೆ ಸಣ್ಣ ಕಣ್ಣುಗಳ ಬಲೆ ಹೊದಿಸುತ್ತೇವೆ. ಎಲ್ಲಿ ಎಷ್ಟು ಒತ್ತಡ ಬೀಳುತ್ತದೆಂದು ಒಂದೊಂದು ಕಣ್ಣಿಗೂ ಲೆಕ್ಕವಾಗುತ್ತದೆ. ಆಕಾರ ಬದಲಾದಾಗಲೆಲ್ಲ ಹೊಸ ಬಲೆ ಹೆಣೆಯುವುದು ನಿಧಾನದ ಕೆಲಸ. ಹಳೆಯ ಬಲೆಯನ್ನೇ ಹೊಸ ಆಕಾರಕ್ಕೆ ಎಳೆದು ಕೂರಿಸುವುದು ಬೇಗ — ಅದಕ್ಕೆ ಮೆಶ್ ಮಾರ್ಫಿಂಗ್ ಎನ್ನುತ್ತಾರೆ. ಬಲೆಯ ಗಂಟುಗಳು ಜರುಗುತ್ತವೆ, ಯಾವ ಗಂಟು ಯಾವುದಕ್ಕೆ ಸೇರಿದೆ ಎಂಬುದು ಬದಲಾಗುವುದಿಲ್ಲ. ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಆಕಾರ ನೋಡಿದೆ. ಕೊನೆಯದು ಚೆಲುವಾಗಿತ್ತು: ಬುಡದ ಬಳಿ ಸೊಂಟದಂತೆ ಸಣ್ಣಗಾಗಿ ಮತ್ತೆ ಅಗಲವಾಗುವ ಹಿಡಿಕೆ.

ಆ ಸೊಂಟದಲ್ಲಿ ಮಾತ್ರ ಬಲೆಯ ಕಣ್ಣುಗಳು ಎಳೆದೂ ಎಳೆದೂ ಸೂಜಿಯಂತಾಗಿದ್ದವು. ಅಲ್ಲೇ ಒಂದು ಕೆಂಪು ಚುಕ್ಕೆ. ಕೆಂಪು ಎಂದರೆ ಲೋಹ ತಾಳದಷ್ಟು ಒತ್ತಡ. ಆದರೆ ಬಲೆ ಕೆಟ್ಟ ಕಡೆ ಕೆಂಪು ಸುಳ್ಳೂ ಇರಬಹುದು. ಹೊಸ ಬಲೆ ಹೆಣೆದು ಮತ್ತೆ ಲೆಕ್ಕ ಹಾಕಿದ್ದರೆ ತಿಳಿಯುತ್ತಿತ್ತು — ಅರ್ಧ ದಿನದ ಕೆಲಸ. ನಾನು ಆ ನಾಲ್ಕಾರು ಕಣ್ಣುಗಳನ್ನು ತೆರೆಯ ಮೇಲೆ ಕಾಣದಂತೆ ಮಾಡಿದೆ. ಉಳಿದದ್ದೆಲ್ಲ ನೀಲಿ, ಹಸಿರು. ಅದನ್ನೇ ಕಾಗದದ ಮೇಲೆ ಅಚ್ಚು ಹಾಕಿ ನಿಮಗೆ ಕೊಟ್ಟೆ.

ನೀವು ಸೊಂಟದ ಮೇಲೆ ಬೆರಳಿಟ್ಟಿರಿ. "ಇಲ್ಲಿ ಭಾಳ ಸಣ್ಣ ಆತಲ್ರಿ ತಂಗೀ?"

"ಕಂಪ್ಯೂಟರ್ ನೋಡಿದೆ, ಅಣ್ಣ."

"ಹಂಗಾರ ಬಿಡ್ರಿ. ಅದಕ್ಕ ನನ್ನಂಗ ಕನ್ನಡಕ ಬೇಕಿಲ್ಲ."

ಎರಡೇ ತಿಂಗಳು. ತೂಗುತ್ತಿದ್ದಾಗ ಹಿಡಿಕೆ ತುಂಡಾಗಿ ಲಕ್ಷ್ಮಕ್ಕ ಮುಂದಕ್ಕೆ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ನಾವಿಬ್ಬರೂ ಅವರ ಮನೆಯಂಗಳಕ್ಕೆ ಹೋದೆವು. ಮುರಿದ ತುಂಡನ್ನು ನೀವು ಎತ್ತಿಕೊಂಡಿರೋ, ನಾನು ಕೊಟ್ಟೆನೋ — ಬೇರೆ ಬೇರೆ ಸಲ ಬೇರೆ ಬೇರೆಯಾಗಿ ನೆನಪಾಗುತ್ತದೆ. ಮಾತು ಮಾತ್ರ ಬದಲಾಗಿಲ್ಲ.

"ವೆಲ್ಡಿಂಗ್ ಇಲ್ಲೈತ್ರಿ. ಮುರಿದದ್ದು ಇಲ್ಲಿ," ಎಂದಿರಿ. ನಡುವೆ ನಿಮ್ಮ ಒಂದು ಬೆರಳಿನ ಅಗಲ.

ಅಂಗಳದಲ್ಲಿ ಸೇರಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಹೇಳಿದೆ: "ವೆಲ್ಡಿಂಗ್ ಶಾಖ ಹೆಚ್ಚಾದರೆ ಪಕ್ಕದ ಕಬ್ಬಿಣವೂ ಸೋಲುತ್ತೆ, ಅಣ್ಣ."

ಬೇರೆ ಕಡೆ ನಿಜವಾಗಿರುವ ಮಾತು. ಅದಕ್ಕೇ ಅದು ಅಷ್ಟು ಚೆನ್ನಾಗಿ ಕೂತಿತು. ನೀವು ಜಗಳವಾಡುತ್ತೀರಿ ಎಂದುಕೊಂಡಿದ್ದೆ. ನೀವು ನಿಮ್ಮ ಅಂಗೈ ನೋಡಿಕೊಂಡಿರಿ. "ಹೌದೇನ್ರಿ... ನನಗ ತಿಳೀಲೇ ಇಲ್ಲ ನೋಡ್ರಿ."

ನೀವು ನಂಬಿಬಿಟ್ಟಿರಿ —

ಮುಂದಿನ ನಕ್ಷೆಯಲ್ಲಿ ಆ ಸೊಂಟವನ್ನು ಸದ್ದಿಲ್ಲದೆ ಅಗಲ ಮಾಡಿದೆ. ಕೆಲಸವನ್ನು ಬೇರೆ ಶೆಡ್ಡಿಗೆ ಕೊಟ್ಟೆ. ಇಷ್ಟಾದ ಮೇಲೆ, ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿ ಎಲ್ಲಿದೆ? ಆದರೂ ಎಷ್ಟೋ ವರ್ಷ ಹಾಗೇ ಅಂದುಕೊಂಡೆ. ನೆನಪಿನಲ್ಲಿ ಅದೇ ಜನ, ಅದೇ ಅಂಗಳ, ಅದೇ ಮಾತುಗಳು. ಒಂದು ಗಂಟನ್ನೂ ಬಿಚ್ಚದೆ ಎಲ್ಲವನ್ನೂ ನನ್ನ ಕಡೆಗೆ ಎಳೆದುಕೊಂಡೆ.

ಅಂದಿನಿಂದ ನೀವು ಕಿಟಕಿಯ ಸರಳು, ಗೇಟು ಮಾತ್ರ ಮಾಡುತ್ತೀರಿ. ಟ್ರಾಲಿ ಮಾಡಿಸಲು ಬಂದವರಿಗೆ ನೀವು ಹೇಳುವುದು ಇಲ್ಲಿಗೆ ಕೇಳಿಸುತ್ತದೆ: "ಭಾರ ಹೊರೋದು ಬ್ಯಾಡ್ರಿ. ನನ್ನ ಕೈಯಾಗ ಶಾಖ ಹೆಚ್ಚೈತಂತ." ಆ 'ಅಂತ' ನನ್ನದು. ಕಿಟಕಿ ಮುಚ್ಚಿಕೊಂಡಿದ್ದೇನೆ, ಎಷ್ಟೋ ಸಲ.

ಕಳೆದ ತಿಂಗಳು ಹಳೆಯ ಆಕಾರಕ್ಕೆ ಹೊಸ ಬಲೆ ಹೆಣೆದೆ. ಒಂದು ಕಣ್ಣೂ ಸೊಟ್ಟಗಿರಲಿಲ್ಲ. ಕೆಂಪು ಅಲ್ಲೇ ಇತ್ತು, ನೀವು ಮೊದಲ ದಿನ ಬೆರಳಿಟ್ಟಲ್ಲೇ.

ಮೊನ್ನೆ ಮಡಕಶಿರದ ಬಸ್ಸು ಹತ್ತಿ ಹೋಗಿ ಲಕ್ಷ್ಮಕ್ಕನಿಗೆ ಎಲ್ಲ ಹೇಳಿದೆ. ಅವರು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಕೇಳಿಸಿಕೊಂಡರು.

"ನನ್ ಕೈ ಕೂಡ್ಕಂತು ಬಿಡಮ್ಮ. ಆ ವೆಲ್ಡಿಂಗ್ ಆಚಾರಪ್ಪಂಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಇಷ್ಟು ದೂರ ಯಾಕ್ ಬಂದೆ? ಅವ್ನು ನಿನ್ ಎದುರುಗಡೇನೇ ಅವ್ನಲ್ಲ."

ರಸ್ತೆ ದಾಟುವುದಕ್ಕಿಂತ ಅಷ್ಟು ದೂರ ಹೋಗುವುದು ಸುಲಭವಾಗಿತ್ತು. ಬರೆಯುವುದು ಇನ್ನೂ ಸುಲಭ — ಅದಕ್ಕೇ ಈ ಕಾಗದವನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಬರುವುದಿಲ್ಲ. ನಾಳೆ ಬೆಳಗ್ಗೆ ನಿಮ್ಮ ಶೆಡ್ಡಿನಲ್ಲಿ ನಾಲ್ಕು ಜನ ನಿಂತಿರುವಾಗಲೇ ಬಂದು ಓದುತ್ತೇನೆ. ಕೆಂಪು ಮರೆಮಾಡಿದ ಚಿತ್ರವನ್ನೂ ಮರೆಮಾಡದ ಚಿತ್ರವನ್ನೂ ತರುತ್ತೇನೆ. ಓದುವಾಗ ಎಲ್ಲಾದರೂ ನಾನು ಎಳೆದು ಸರಿಮಾಡಿದಂತೆ ಕಂಡರೆ ಅಲ್ಲಿ ಬೆರಳಿಡಿ, ಅಣ್ಣ. ಕಂಪ್ಯೂಟರ್ ನೋಡಿದೆ ಎನ್ನುವುದಿಲ್ಲ.