ಕೋವಿಯ ಸ್ಪ್ರಿಂಗು, ಬೇವಿನ ಎಣ್ಣೆ

ನಾರಾವಿಯ ಹರಿಣಾಕ್ಷಿ ಕೋವಿ ಮಾಡುತ್ತಾಳೆ ಎಂದರೆ ನಮ್ಮೂರಿನವರಿಗೆ ಇಂದಿಗೂ ನಗು. ಹಂದಿ ಓಡಿಸಲಿಕ್ಕೆ ನನಗೂ ಒಂದು ತಂದುಕೊಡು ಎಂದು ಕೇಳದವರಿಲ್ಲ. ಅವಳು ಕೋವಿ ಮಾಡುವುದಿಲ್ಲ ಮಾರಾಯರೇ, ಕೋವಿಯ ಕುದುರೆಯ, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಯ, ಹಿಂದೆ ಕೂರುವ ಸಣ್ಣ ಸ್ಪ್ರಿಂಗು ಆರಿಸಿ ಎಣ್ಣೆಯಲ್ಲಿ ಅದ್ದಿಡುತ್ತಾಳೆ.

ಇಪ್ಪತ್ತು ವರ್ಷ ಅವಳು ಕಟ್ಟಿದ್ದು ಬೀಡಿ. ಬೀಡಿ ಬ್ರಾಂಚಿನವರು ಎಲೆ ಕೊಡುವುದು ಕಡಿಮೆ ಮಾಡಿದ ಮೇಲೆ ಮೂಡುಬಿದಿರೆಯ ಅಝೀಮನ ವರ್ಕ್‌ಶಾಪಿಗೆ ಸೇರಿದಳು. ಗಲ್ಫಿನಲ್ಲಿ ಕೆಲಸ ಕಲಿತು ಬಂದ ಅಝೀಮ, ಸೇನೆಯ ಕಮಾಂಡೊಗಳಿಗಾಗಿ ನಮ್ಮ ದೇಶದಲ್ಲೇ ತಯಾರಾಗುವ ಗಿಡ್ಡ ಕೋವಿಯೊಂದಕ್ಕೆ ಸ್ಪ್ರಿಂಗು ಮಾಡಿಕೊಡುವ ಕೆಲಸ ಹಿಡಿದಿದ್ದ. ಮಗಳು, ಮೊಮ್ಮಗಳು ವಿಸ್ಮಿತಾ, ಇಬ್ಬರ ಅನ್ನವೂ ಹರಿಣಾಕ್ಷಿಯ ಸಂಬಳದ ಮೇಲೆಯೇ. ಮೂರು ವರ್ಷದ ವಿಸ್ಮಿತಾ ಅಜ್ಜಿ ಕೈತುತ್ತು ಕೊಡದೆ ಉಣ್ಣುತ್ತಿರಲಿಲ್ಲ.

ಒಂದು ದಿನ ಕೋವಿಯ ಕಂಪನಿಯಿಂದ ಒಂದು ಪೆಟ್ಟಿಗೆ ವಾಪಸು ಬಂತು. ಸ್ಪ್ರಿಂಗುಗಳ ಮೇಲೆ ತುಕ್ಕಿನ ಚುಕ್ಕೆ. ತುಕ್ಕು ಹಿಡಿದ ಸ್ಪ್ರಿಂಗು ಮುರಿದರೆ ಕಮಾಂಡೊನ ಕೈಯ ಕೋವಿಯಿಂದ ಗುಂಡು ಹಾರುವುದಿಲ್ಲ, ಅವನ ಕತೆ ಅಲ್ಲಿಗೆ ಮುಗಿಯಿತು. ಇನ್ನೊಂದು ಪೆಟ್ಟಿಗೆ ಹೀಗೆ ಬಂದರೆ ಕೆಲಸವೇ ಇಲ್ಲ ಎಂದು ಕಂಪನಿಯವರು ಹೇಳಿದರಂತೆ. ಅಝೀಮನ ಸಿಟ್ಟು ಹೊಸತಾಗಿ ಸೇರಿದ ಶಮ್ನಾಳ ಮೇಲೆ ತಿರುಗಿತು. ಅವಳ ಅಂಗೈ ಸದಾ ಬೆವರುತ್ತದೆ, ತುಕ್ಕು ಆ ಬೆವರಿನದ್ದೇ ಎಂದು ಅವನ ಲೆಕ್ಕ. ಸೋಮವಾರದಿಂದ ಬರುವುದು ಬೇಡ ಎಂದುಬಿಟ್ಟ.

ಶಮ್ನಾ ಅಳುತ್ತಾ ಬುತ್ತಿ ಕಟ್ಟಿಕೊಂಡಳು. ಅವಳ ಮುಖ ನೋಡಲಾಗದೆ ಹರಿಣಾಕ್ಷಿ ತಲೆ ತಗ್ಗಿಸಿ ಇನ್ನೊಂದು ಸ್ಪ್ರಿಂಗು ಎತ್ತಲು ಹೋದಳು. ಆಗ ತನ್ನ ಬೆರಳು ನಾಲಿಗೆಯ ಮೇಲಿರುವುದು ಅವಳ ಗಮನಕ್ಕೆ ಬಂತು. ಬೀಡಿಯ ಎಲೆ ಬಿಡಿಸಲು ಬೆರಳು ಒದ್ದೆ ಮಾಡಿಕೊಳ್ಳುವ ಅಭ್ಯಾಸ. ಎಂಜಲು ತಾಗಿದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದರೂ ತುಕ್ಕು ಬಿಡುತ್ತದೆಯೇ? ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಶಮ್ನಾ ಅಲ್ಲ ಸರ್, ನಾನು. ಬೀಡಿಯ ಬುದ್ಧಿ. ಬೆರಳು ಸೀದಾ ಬಾಯಿಗೆ ಹೋಗ್ತದೆ."

ಅಝೀಮ ಶಮ್ನಾಳನ್ನು ಉಳಿಸಿಕೊಂಡ. ಹರಿಣಾಕ್ಷಿಗೆ ರಬ್ಬರಿನ ಕೈಗವಸು ಕೊಟ್ಟು ನೋಡಿದ. ಕೂದಲೆಳೆಯಂಥ ಸ್ಪ್ರಿಂಗು ಅದರಿಂದ ಜಾರಿ ಎಲ್ಲೆಲ್ಲೋ ಹಾರಿತು.

"ಬೆರಳು ಬಾಯಿಗೆ ಹೋಗುವುದು ನಿಲ್ಬೇಕು ಹರಿಣಾಕ್ಷಕ್ಕ. ಇಲ್ಲದಿದ್ರೆ ನಿಮ್ಮನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹೊಟ್ಟೆಪಾಡಿನ ಗುಣ, ಇನ್ನೂ ಗಟ್ಟಿ. ಹೆಬ್ಬೆರಳು ಚೀಪುವ ಮಗುವಿಗೆ ಮಾಡುವ ಮದ್ದನ್ನೇ ಹರಿಣಾಕ್ಷಿ ತನಗೆ ಮಾಡಿಕೊಂಡಳು. ದಿನಾ ಬೆಳಿಗ್ಗೆ ಬೆರಳಿಗೆ ಬೇವಿನ ಎಣ್ಣೆ ತಿಕ್ಕಿ ಬಸ್ಸು ಹತ್ತಿದಳು. ಸ್ಪ್ರಿಂಗಿಗೆ ಎಣ್ಣೆ ತಾಗಿದರೆ ತೊಂದರೆಯಿಲ್ಲ. ಮೊದಮೊದಲು ದಿನವಿಡೀ ಬಾಯಿ ಕಹಿ, ಮಧ್ಯಾಹ್ನದ ಗಂಜಿಯೂ ಕಹಿ. ಆಮೇಲೆ ಬೆರಳು ತುಟಿಯವರೆಗೆ ಬಂದು ತಾನೇ ನಿಲ್ಲತೊಡಗಿತು. ಪೆಟ್ಟಿಗೆ ಮತ್ತೆ ವಾಪಸು ಬಂದಿಲ್ಲ.

ಎಣ್ಣೆ ಬಿಟ್ಟರೆ ಬೆರಳು ಮತ್ತೆ ಬಾಯಿಗೆ ಹೋದೀತೆಂಬ ಹೆದರಿಕೆ ಅವಳಿಗೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ಕಹಿ ಉಗುರಿನ ಸಂದಿನಿಂದ ಹೋಗುವುದಿಲ್ಲ. ವಿಸ್ಮಿತಾ ಮೊದಲ ದಿನ ತುತ್ತು ಉಗುಳಿದಳು. ಈಗ ಅಜ್ಜಿ ಬಟ್ಟಲು ಹಿಡಿದು ಕೂತರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಮ್ಮನ ಕಡೆಗೆ ಓಡುತ್ತಾಳೆ.