ನನ್ನ ತಮ್ಮ ಉದ್ಘಾಟಕ

ನನ್ನ ತಮ್ಮನಿಗೆ ಉದ್ಘಾಟಕ ಎಂದು ಹೆಸರಿಟ್ಟವರು ನನ್ನ ಗಂಡ. ಯಾವುದನ್ನೇ ಆಗಲಿ ಶುರು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಮುಗಿಸುವ ಮಾತು ಮಾತ್ರ ಅವನ ಹತ್ತಿರ ಎತ್ತಬಾರದು. ಹಲ್ಲುಜ್ಜುವಾಗ ಒಂದು ಯೋಚನೆ ಹೊಳೆದರೆ ಬಾಯಿ ಮುಕ್ಕಳಿಸುವ ಮೊದಲೇ ಅದಕ್ಕೊಂದು ವೆಬ್‌ಸೈಟಿನ ಹೆಸರು ಕೊಂಡಿರುತ್ತಾನೆ. ಊರಿನ ಕಲ್ಲುಬೆಂಚುಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಎಂದು ಹೇಳಲು ಒಂದು ಸೈಟು. ಜೋಡಿ ಕಳೆದುಕೊಂಡ ಕಾಲುಚೀಲಗಳಿಗೆ ಸಂಬಂಧ ಹುಡುಕಲು ಒಂದು. ಕಿರುಗುಟ್ಟುವ ಬಾಗಿಲುಗಳ ಸದ್ದು ಕೂಡಿಡಲು ಇನ್ನೊಂದು. ಅದಕ್ಕಾಗಿ ನನ್ನ ಅಂಗಡಿ ಬಾಗಿಲಿಗೆ ಎಣ್ಣೆ ಬಿಡಬೇಡ ಎಂದು ಅಂಗಲಾಚಿದ್ದ ಪುಣ್ಯಾತ್ಮ. ಕಾಲುಚೀಲದ ಸೈಟಿನಲ್ಲಿ ಇವತ್ತಿಗೂ ಇರುವುದು ಒಂದೇ ಕಾಲುಚೀಲ, ಅದೂ ಅವನದೇ.

ಹುಡುಗಾಟದ ವಯಸ್ಸೇನಲ್ಲ. ನೆತ್ತಿಯ ಕೂದಲು ಆಗಲೇ ಜಾಗ ಖಾಲಿ ಮಾಡಿತ್ತು. ನನ್ನ ಕನ್ನಡಕದ ಅಂಗಡಿಯ ಮೇಲಿನ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದೆ. ಅಲ್ಲೇ ಕೆಲಸ, ಅಲ್ಲೇ ನಿದ್ದೆ. ಕಿಟಕಿ ತೆರೆಯುವ ಅಭ್ಯಾಸವೇ ಇಲ್ಲ. ಕಾಫಿ ಲೋಟಗಳ ತಳದಲ್ಲಿ ಹಸಿರು ಬೂಷ್ಟು, ಕೀಬೋರ್ಡಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಕುರ್ಚಿಯ ಬೆನ್ನಿಗೆ ಒಣಗದ ಟವೆಲ್ಲು. ಗೋಡೆಯ ಮೇಲೆ ಮಾತ್ರ ದೊಡ್ಡ ಬಿಳಿ ಹಲಗೆ, ಅದರ ತುಂಬ ಜಗತ್ತನ್ನೇ ಬದಲಾಯಿಸಲು ಹೊರಟ ಬಾಣದ ಗುರುತುಗಳು. ಥೂ, ಮೊದಲು ಆ ಲೋಟ ತೊಳೆಯೋ ಎಂದರೆ, "ಆಮೇಲೆ ಅಕ್ಕ, ಈಗ ತಲೆ ಓಡ್ತಿದೆ" ಅನ್ನುತ್ತಿದ್ದ.

ಅವನು ಮಾಡಿದ್ದರಲ್ಲಿ ಒಂದೇ ಒಂದು ನಾಲ್ಕು ಜನರಿಗೆ ಉಪಯೋಗವಾಗಿತ್ತು. ಅದು ಅಮ್ಮನ ಪುಟ.

ಅಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಜೊತೆಗೇ ಇದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಅವಳು ಹೊರಗೆ ಹೋಗುವುದು ನಿಂತಿತು. ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂತು, ಮಾತು ಕಡಿಮೆಯಾಗಿ, ಊಟ ಬೇಡವಾಗಿ, ನಮಗೆಲ್ಲ ಭಯ ಹುಟ್ಟಿಸಿದ್ದಳು. ಆಗ ಉದ್ಘಾಟಕನಿಗೆ ಅದೇನು ಒಳ್ಳೆ ಬುದ್ಧಿ ಬಂದಿತ್ತೋ, 'ಗಿಡಕ್ಕೇನಾಗಿದೆ' ಅಂತ ಒಂದು ಸೈಟು ಮಾಡಿಕೊಟ್ಟ. ಮೇಲುಗಡೆ ಅಮ್ಮ ನಗುತ್ತಿರುವ ಫೋಟೊ. ಜನ ತಮ್ಮ ಬಾಡಿದ ಗಿಡದ ಚಿತ್ರ ಕಳಿಸಬೇಕು, ಅಮ್ಮ ಉತ್ತರ ಬರೆಯಬೇಕು, ಅಷ್ಟೇ.

ಅದು ಹೇಗೆ ಹಬ್ಬಿತೋ ಗೊತ್ತಿಲ್ಲ. ಎಲ್ಲೆಲ್ಲಿಂದಲೋ ಪ್ರಶ್ನೆಗಳು ಬಂದವು. ಅಮ್ಮನಿಗೆ ಜೀವ ಬಂತು. ಬೆಳಿಗ್ಗೆ ಎದ್ದವಳೇ ತಲೆ ಬಾಚಿ, ಶಾಲೆಗೆ ಹೊರಟವಳ ಹಾಗೆ ಸಿದ್ಧವಾಗಿ ಮೇಜಿನ ಮುಂದೆ ಕೂರುತ್ತಿದ್ದಳು. "ನಿಮ್ಮ ಗಿಡಕ್ಕೆ ಯಾವ ರೋಗವೂ ಇಲ್ಲ. ನೀವೇ ಪ್ರೀತಿಯಿಂದ ನೀರು ಹುಯ್ದು ಹುಯ್ದು ಕೊಲ್ಲುತ್ತಿದ್ದೀರಿ. ಒಂದು ವಾರ ಅದರ ತಂಟೆಗೆ ಹೋಗಬೇಡಿ" ಎಂದು ಯಾರಿಗೋ ಗದರಿ ಬರೆದು, ನನಗೆ ಓದಿ ಹೇಳಿ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಅಮ್ಮನನ್ನು ಎಬ್ಬಿಸಿ ಕೂರಿಸಿದ್ದು ಡಾಕ್ಟರಲ್ಲ, ಈ ಪುಟ.

ಸೈಟಿನ ಹೆಸರು ನಮ್ಮ ಸ್ವಂತದ್ದಲ್ಲವಂತೆ, ಬಾಡಿಗೆ ಮನೆ ಇದ್ದಂತೆ ವರ್ಷ ವರ್ಷ ನವೀಕರಿಸಬೇಕಂತೆ. ತಪ್ಪಿದರೆ ಕೆಲವು ದಿನ ಕಾದು ನೋಡುತ್ತಾರೆ, ಆಮೇಲೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ತಮ್ಮ ಅದನ್ನು ಅಮ್ಮನ ಹುಟ್ಟಿದ ದಿನಕ್ಕೆ ಇಟ್ಟುಕೊಂಡಿದ್ದ. ಪ್ರತಿವರ್ಷ ಅವತ್ತು ಬಂದು ಅಮ್ಮನ ಪಕ್ಕ ಕೂತು ಎಲ್ಲ ತುಂಬಿ, ಕೊನೆಯ ಗುಂಡಿಯನ್ನು ಅವಳ ಕೈಲೇ ಒತ್ತಿಸುತ್ತಿದ್ದ. ಅಮ್ಮ ಒತ್ತಿ, "ಸರಿ, ಇನ್ನೊಂದು ವರ್ಷ ಬದುಕಬೇಕಾಯ್ತು" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆಚರಣೆ ಅಂತ ಇದ್ದದ್ದು ಅದೊಂದೇ.

ಅಷ್ಟರಲ್ಲಿ ಕೋಟು ಬಂದ. ಹೆಸರು ಬೇರೆ ಇದೆ, ಆದರೆ ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಆ ಗಂಡಸನ್ನು ನಾನು ಹಾಗೇ ಕರೆಯುವುದು. ತಮ್ಮನೂ ಅವನೂ ಸೇರಿ ಕಂಪನಿ ಕಟ್ಟಿದರು. ಸರಕು ಏನಪ್ಪಾ ಅಂದರೆ 'ಮೌನಿ' ಎಂಬ ಸಾಫ್ಟ್‌ವೇರು. ಅದನ್ನು ಹಾಕಿಕೊಂಡರೆ ನಿಮಗೆ ಬರುವ ಇ-ಮೇಲುಗಳಲ್ಲಿ ಮುಖ್ಯವಾದದ್ದನ್ನು ಮಾತ್ರ ಮುಂದಿಟ್ಟು, ಉಳಿದದ್ದನ್ನು 'ಅನಗತ್ಯ' ಎಂಬ ಮೂಲೆಗೆ ತಳ್ಳಿ ಬಾಯಿ ಮುಚ್ಚಿಸುತ್ತದೆ. ಯಾವುದು ಮುಖ್ಯ ಅಂತ ಅದೇ ತೀರ್ಮಾನ ಮಾಡುತ್ತದೆ. ಹೂಡಿಕೆದಾರರ ಮೇಲು ಮುಖ್ಯ.

ಕೋಟು ಮೊದಲ ದಿನವೇ ಒಂದು ನಿಯಮ ಹಾಕಿದ. "ನಾವೇ ಬಾಯಿಗಿಡದ ಅಡುಗೇನ ಊರಿಗೆ ಬಡಿಸೋಕಾಗುತ್ತಾ? ಲಾಂಚ್ ಆಗೋವರೆಗೂ ನಾವಿಬ್ರೂ ನಮ್ಮ ಸ್ವಂತ ಮೇಲಿಗೆ ಮೌನಿ ಹಾಕ್ಕೋಬೇಕು. ಅನಗತ್ಯದ ಕಡೆ ಇಣುಕಿಯೂ ನೋಡಬಾರದು." ಎರಡನೆಯ ನಿಯಮ, ತಮ್ಮನ ಚಿಲ್ಲರೆ ಸೈಟುಗಳಿಗೆಲ್ಲ ಬೀಗ. ಅದಕ್ಕೆ ಮಾತ್ರ ಇವನು ಒಪ್ಪಲಿಲ್ಲ. ಕದ್ದು ಮುಚ್ಚಿ ಬೆಂಚು, ಬಾಗಿಲು, ಕಾಲುಚೀಲ ಎಲ್ಲವನ್ನೂ ತಾನೇ ತಾನಾಗಿ ನವೀಕರಣವಾಗುವಂತೆ ಮಾಡಿಕೊಂಡ. ಅಮ್ಮನದೊಂದನ್ನು ಮಾಡಲಿಲ್ಲ, ಯಾಕೆಂದರೆ ಅದನ್ನು ಅಮ್ಮನ ಕೈಲಿ ಒತ್ತಿಸಬೇಕಲ್ಲ! ಕೇಳಿದರೆ ಕಣ್ಣಲ್ಲಿ ನೀರು ಬರಬೇಕು, ಅಂಥ ಮಗ.

ಹುಟ್ಟಿದ ದಿನ ಬಂತು. ಅಮ್ಮ ಬೆಳಿಗ್ಗೆಯೇ ತಯಾರಾಗಿ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂತಳು. ಕತ್ತಲಾಗುವವರೆಗೂ ಆ ಕುರ್ಚಿ ಖಾಲಿಯೇ ಇತ್ತು. ಮರುದಿನ ಮೆಟ್ಟಿಲು ಹತ್ತಿ ಹೋಗಿ ಉಗಿದೆ.

"ನಿನ್ನೆ ಏನು ದಿನ ಅಂತಾದ್ರೂ ನೆನಪಿದ್ಯೇನೋ?"

"ಅಯ್ಯೋ ಅಕ್ಕ! ಲಾಂಚ್ ಹತ್ರ ಬಂತು, ಕಣ್ಣು ಬಿಡೋಕೂ ಪುರಸೊತ್ತಿಲ್ಲ. ಬರ್ತೀನಿ, ಬರ್ತೀನಿ."

"ಅಮ್ಮ ಏನಂದುಕೊಂಡ್ಳೋ ಅದು ಆಮೇಲೆ. ಆ ಹೆಸರು ಕೈ ಬಿಟ್ಟುಹೋದ್ರೆ ಏನು ಗತಿ?"

"ಹೋಗಲ್ಲ ಬಿಡು. ಹೋಗೋ ಮುಂಚೆ ಹತ್ತು ಸಲ ಮೇಲ್ ಕಳಿಸ್ತಾರೆ. ಅಷ್ಟು ಮುಖ್ಯವಾದದ್ದನ್ನ ಮೌನಿ ನನ್ ಕಣ್ಣ ಮುಂದೆ ತಂದಿಟ್ಟೇ ಇಡುತ್ತೆ."

ಆಮೇಲೆ ಎರಡು ಸಲ ಹೇಳಿದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟ. ಒಂದು ಬೆಳಿಗ್ಗೆ ಅಮ್ಮನ ಪುಟ ತೆರೆಯಲಿಲ್ಲ. ಅವನ ಫೋನು ಹಗಲೆಲ್ಲ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಗೊತ್ತಿದ್ದ ಅಮ್ಮ ಮೇಲು ಬರೆದಳು. ಅವಳಿಗೆ ಬರೆದು ಹೇಳಿದರೇ ಸಮಾಧಾನ. ಉತ್ತರ ಬರಲಿಲ್ಲ. ಮತ್ತೆ ಬರೆದಳು. ನಾನು ಹೋಗಿ ಕೇಳುತ್ತೇನೆ ಎಂದರೆ, "ಬೇಡ ಕಣೇ, ಪಾಪ, ಕೆಲಸದಲ್ಲಿದಾನೆ. ನೋಡಿದ ತಕ್ಷಣ ಮಾಡ್ತಾನೆ" ಎಂದು ನನ್ನ ಬಾಯಿ ಮುಚ್ಚಿಸಿದಳು. ದಿನಾ ತಲೆ ಬಾಚಿಕೊಂಡು ಬಂದು ಕೂತು, ತೆರೆಯದ ಪುಟವನ್ನು ನೋಡಿ ಎದ್ದು ಹೋಗುತ್ತಿದ್ದಳು.

ಒಂದು ದಿನ ಪುಟ ತೆರೆಯಿತು. ಮೇಲೆ ಅಮ್ಮನ ನಗುವ ಫೋಟೊ ಹಾಗೇ ಇತ್ತು. ಕೆಳಗೆ ಗಿಡಗಳಿಲ್ಲ. ಇಸ್ಪೀಟು ಎಲೆಗಳು, ಮಿಣಮಿಣ ದೀಪ, ಅರೆಬತ್ತಲೆ ಹೆಂಗಸರು, 'ಈಗಲೇ ಆಡಿ, ಗೆಲ್ಲಿ'. ಜೂಜಿನವರು ಯಾರೋ ಹೆಸರನ್ನು ಕೊಂಡು, ಬರುವ ಜನ ಬರುತ್ತಲೇ ಇರಲಿ ಅಂತ ಅಮ್ಮನ ಮುಖವನ್ನೂ ಉಳಿಸಿಕೊಂಡಿದ್ದರು. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮುಖ ಅದು. ಅಮ್ಮನ ಹಳೆಯ ಹೆಡ್‌ಮಾಸ್ಟರರೇ ಫೋನು ಮಾಡಿ, "ಟೀಚರ್, ಈ ವಯಸ್ಸಲ್ಲಿ ನಿಮಗಿದೆಲ್ಲ ಬೇಕಿತ್ತಾ?" ಎಂದು ಕೇಳಿದರು. ಅಮ್ಮ "ನಾನಲ್ಲ ಸರ್, ನಾನಲ್ಲ" ಎಂದು ಹೇಳುತ್ತಲೇ ಇದ್ದಳು, ಅವರು ಆಗಲೇ ಫೋನು ಇಟ್ಟಿದ್ದರು. ನನ್ನ ಮೈ ಉರಿದುಹೋಯಿತು.

ಅಂಗಡಿಯಲ್ಲಿದ್ದ ಗಿರಾಕಿಯನ್ನೂ ಬಿಟ್ಟು ಮೇಲೆ ಹೋದೆ. ವಿಷಯ ಕೇಳಿ ತಮ್ಮನ ಮುಖ ಬಿಳಿಚಿಕೊಂಡಿತು. "ಒಂದೂ ಮೇಲ್ ಬಂದಿಲ್ಲ ಅಕ್ಕ, ಆಣೆಗೂ" ಎಂದ. ಬಂದಿದ್ದವು. ಅನಗತ್ಯದ ಮೂಲೆಯಲ್ಲಿ ನವೀಕರಣದ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದವು, ಅವುಗಳ ಮಧ್ಯೆ ಅಮ್ಮನ ಮೇಲುಗಳು. ತಮ್ಮ ತಲೆ ಹಿಡಿದುಕೊಂಡು ಕೂತ. ಹಿಂದಿನಿಂದ ಕೋಟು ಬಗ್ಗಿ ನೋಡಿದ. ಅವನ ಕಣ್ಣು ಅರಳಿದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ.

"ಮೇಡಂ, ತಪ್ಪು ತಿಳ್ಕೋಬೇಡಿ, ಆದ್ರೆ ಇದು ಅದ್ಭುತ! ಮೌನಿ ಎಷ್ಟು ಗಟ್ಟಿ ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?"

ಛೀ! ಎಂಥ ಜನವಪ್ಪಾ! ಅಲ್ಲೇ ಇದ್ದ ಬೂಷ್ಟು ಹಿಡಿದ ಕಾಫಿಯನ್ನು ಅವನ ಕೋಟಿನ ಮೇಲೆ ಸುರಿಯಬೇಕು ಅನ್ನಿಸಿತು. ತಮ್ಮ ನನ್ನ ಕೈ ಹಿಡಿದುಕೊಂಡು, "ಲಾಂಚಿಗೆ ಅಮ್ಮನ್ನ ಕರ್ಕೊಂಡು ಬಾ ಅಕ್ಕ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ" ಎಂದ. ಅಮ್ಮನಿಗೆ ಹೇಳಿದೆ. ಸೊಂಟ ಮುರಿದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಹೋಗದವಳು ಅವನಿಗೋಸ್ಕರ ಹೊರಟಳು.

ಲಾಂಚಿಗೆ ಒಂದು ಬಾಡಿಗೆ ಸಭಾಂಗಣ. ಕೊರೆಯುವ ಎ.ಸಿ., ಕಿವಿಗಡಚಿಕ್ಕುವ ಹಾಡು, ಬಾಯಿತುಂಬ ಹಲ್ಲು ತೋರಿಸುವ ಜನ. ಅಮ್ಮ ಮೊದಲ ಸಾಲಿನಲ್ಲಿ ಊರುಗೋಲನ್ನು ಮಂಡಿಗೆ ಒರಗಿಸಿಕೊಂಡು ನೆಟ್ಟಗೆ ಕೂತಿದ್ದಳು. ತಮ್ಮ ಚೆನ್ನಾಗಿಯೇ ಶುರು ಮಾಡಿದ, ಅದರಲ್ಲಿ ಅವನು ಪ್ರವೀಣನಲ್ಲವೇ. ಆಮೇಲೆ ಪರದೆಯ ಮೇಲೆ ಮೌನಿ ಮೂಲೆಗೆ ತಳ್ಳಿದ್ದನ್ನೆಲ್ಲ ತೋರಿಸಿದ. ಅಮ್ಮನ ಮೇಲುಗಳು ಗೋಡೆಯಷ್ಟು ದೊಡ್ಡದಾಗಿ ಕಂಡವು. 'ಮಗಾ, ಪುಟ ತೆರೀತಿಲ್ಲ. ಪುರಸೊತ್ತಾದಾಗ ನೋಡು.' 'ಮಗಾ, ಊಟ ಸರಿಯಾಗಿ ಮಾಡ್ತಿದ್ದೀಯಾ?' 'ಮಗಾ, ನಾನೇನಾದರೂ ತಪ್ಪು ಒತ್ತಿಬಿಟ್ಟೆನಾ?'

ಈಗ ಕ್ಷಮೆ ಕೇಳುತ್ತಾನೆ ಎಂದು ನಾನು ಕಾದೆ. ಅಮ್ಮನೂ ಸ್ವಲ್ಪ ಮುಂದಕ್ಕೆ ಬಾಗಿದಳು. ತಮ್ಮ ಮೈಕನ್ನು ಬಾಯಿಯ ಹತ್ತಿರ ತಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ನಕ್ಕರು. ಜನ ಅದನ್ನು ತಮಾಷೆಗೆ ಮಾಡಿದ್ದು ಅಂದುಕೊಂಡಿದ್ದರು. ನನ್ನ ತಮ್ಮ ಆ ನಗುವಿನ ಕಡೆ ನೋಡಿದ, ಅಮ್ಮನ ಕಡೆ ನೋಡಿದ, ಮತ್ತೆ ನಗುವಿನ ಕಡೆ ತಿರುಗಿದ.

"ನೋಡಿದ್ರಲ್ಲ," ಎಂದ ಮೈಕಿನಲ್ಲಿ, "ನಮ್ಮ ಮೌನಿ ಹೆತ್ತ ತಾಯಿಯನ್ನೂ ಬಿಡಲ್ಲ!"

ಇಡೀ ಸಭೆ ಚಪ್ಪಾಳೆ ತಟ್ಟಿತು. ಕೋಟು ಎದ್ದು ನಿಂತು ತಟ್ಟಿದ. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಊರುಗೋಲು ಹಿಡಿದು ಎದ್ದು, "ನಡಿಯೇ, ಕಾಲು ನೋಯ್ತಿದೆ" ಎಂದಳು.

ಆವತ್ತಿನಿಂದ ಅಮ್ಮ ಕಂಪ್ಯೂಟರ್ ಮುಟ್ಟಿಲ್ಲ. ದೂರದೂರದಿಂದ ಕೇಳುತ್ತಿದ್ದವರು ದೂರವೇ ಉಳಿದರು, ಅವರ ಗಿಡಗಳು ಏನಾದವೋ. ಮತ್ತೆ ಗೋಡೆ ನೋಡಿಕೊಂಡು ಕೂರುತ್ತಾಳೇನೋ ಎಂದು ಹೆದರಿ ನಾನೇ ಅಂಗಡಿಯಲ್ಲಿ ಬೋರ್ಡು ಹಾಕಿದೆ: ಬಾಡಿದ ಗಿಡವಿದ್ದರೆ ನಮ್ಮ ಮನೆಗೆ ತನ್ನಿ. ಒಬ್ಬೊಬ್ಬರಾಗಿ ಕುಂಡ ಹಿಡಿದು ಬರತೊಡಗಿದರು. ಅಮ್ಮ ಜಗಲಿಯ ಮೇಲೆ ಕೂತು ಎಲೆ ಮಗುಚಿ ನೋಡಿ ಗದರುತ್ತಾಳೆ.

ಉದ್ಘಾಟಕ ಬಂದದ್ದು ತುಂಬ ದಿನಗಳ ಮೇಲೆ. ಲಾಂಚಿನ ಚಪ್ಪಾಳೆ ಆ ಸಭಾಂಗಣದಾಚೆ ಬಂದಿರಲಿಲ್ಲ. ಮೌನಿಯನ್ನು ಯಾರೂ ಕೊಳ್ಳಲಿಲ್ಲ, ಕೋಟು ಇನ್ನೊಂದು ಕಂಪನಿ ಹುಡುಕಿಕೊಂಡಿದ್ದ. ಇವನು ಲ್ಯಾಪ್‌ಟಾಪು ತೆರೆದು ಎರಡು ಕೈಯಲ್ಲಿ ಹಿಡಿದುಕೊಂಡೇ ಜಗಲಿ ಹತ್ತಿದ. ಆಗ ಔಷಧಿ ಅಂಗಡಿಯವರ ಹೆಂಡತಿ ಒಂದು ಕುಂಡ ತಂದು ಅಮ್ಮನ ಮುಂದೆ ಇಟ್ಟುಕೊಂಡು ಕೂತಿದ್ದರು.

"ಅಮ್ಮಾ, ಹೊಸ ಹೆಸರು ತಗೊಂಡಿದೀನಿ. ನಿನ್ನ ಹಳೇ ಉತ್ತರ ಎಲ್ಲಾ ನನ್ ಹತ್ರ ಇತ್ತು, ಹಾಕಿದೀನಿ. ನೀನು ಈ ಗುಂಡಿ ಒತ್ತಿದ್ರೆ ಸಾಕು" ಎಂದ. ದನಿ ನಡುಗುತ್ತಿತ್ತು. ನಿಜವಾಗಿಯೂ ನಡುಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೂ ನನಗೆ ಅವನ ಮುಖ ನೋಡಲು ಮನಸ್ಸಾಗಲಿಲ್ಲ.

ಅಮ್ಮ ಎಲೆಯ ಹಿಂಬದಿ ನೋಡುತ್ತಿದ್ದಳು. ಔಷಧಿ ಅಂಗಡಿಯವರ ಹೆಂಡತಿ ನಡುವೆ ಬಾಯಿ ಹಾಕಿದರು. "ಹೌದಲ್ಲ ಟೀಚರ್, ಮುಂಚೆ ನಿಮ್ದು ಕಂಪ್ಯೂಟರಲ್ಲೇ ಬರ್ತಿತ್ತು. ಎಷ್ಟು ಚೆನ್ನಾಗಿತ್ತು! ಯಾರು ಮಾಡಿಕೊಟ್ಟಿದ್ರು?"

"ಯಾರೋ ಒಬ್ಬ ಹುಡುಗ," ಎಂದಳು ಅಮ್ಮ. "ಒಳ್ಳೆಯವನು. ಪ್ರತಿವರ್ಷ ಬಂದು ಪಕ್ಕದಲ್ಲಿ ಕೂರ್ತಿದ್ದ. ಈಗ ಎಲ್ಲಿದಾನೋ ಗೊತ್ತಿಲ್ಲ ನೋಡಿ."

ತಮ್ಮ ಲ್ಯಾಪ್‌ಟಾಪನ್ನು ಹಾಗೇ ಹಿಡಿದುಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಅದರ ಪರದೆ ತಾನಾಗಿ ಆರಿತು. ಅಮ್ಮ ಕುಂಡದ ಮಣ್ಣನ್ನು ಬೆರಳಿನಿಂದ ಕೆದಕಿ, ನೀರು ಜಾಸ್ತಿ ಹಾಕ್ತೀರಿ ಎಂದು ಆ ಹೆಂಗಸನ್ನು ಗದರಿದಳು. ಒಳಗೆ ಇನ್ನೊಂದು ಕುರ್ಚಿ ಇತ್ತು. ನಾನು ತರಲಿಲ್ಲ.